ಕತ್ತರಿಯೂ ಲಗಾಮೂ: ವೈರಸ್ಸಿನೆದುರು ನಾನ್‌ಕೋಡಿಂಗ್ ಆರ್‌ಎನ್‌ಎ

ನಮಸ್ಕಾರ. ಇವತ್ತಿನ ಮಾತನ್ನು ಒಂದು ತಂಬಾಕು ಗಿಡದಿಂದ ಶುರುಮಾಡುತ್ತೇನೆ.

1928ರಲ್ಲಿ ಅಮೆರಿಕದ ವರ್ಜೀನಿಯಾದ ಸಸ್ಯರೋಗ ತಜ್ಞ ವಿಂಗಾರ್ಡ್ ಅವರು ತಮ್ಮ ಪ್ರಬಂಧದ ಜೊತೆ ಒಂದು ಫೋಟೊ ಅಚ್ಚು ಹಾಕಿಸಿದರು. ಗಿಡದ ಬುಡದ ಎಲೆಗಳಿಗೆ ಅವರು ರಿಂಗ್‌ಸ್ಪಾಟ್ ಎಂಬ ವೈರಸ್ಸಿನ ಸೋಂಕು ಹಚ್ಚಿದ್ದರು. ಆ ಎಲೆಗಳ ತುಂಬ ಉಂಗುರದೊಳಗೆ ಉಂಗುರ ಬಿಡಿಸಿದ ಹಾಗೆ ಕಲೆಗಳು. ಮೇಲೆ ಹೋದಂತೆ ಕಲೆ ಕಡಿಮೆ. ತುದಿಯ ಎಳೆ ಎಲೆಗಳಂತೂ ಸ್ವಚ್ಛ, ರೋಗವೇ ಬಂದಿಲ್ಲವೇನೋ ಎಂಬಷ್ಟು ಹಸಿರು. ಹಾಗೆ ಚೇತರಿಸಿಕೊಂಡ ಎಲೆಗೆ ಅದೇ ವೈರಸ್ಸನ್ನು ಮತ್ತೆ ಹಚ್ಚಿದರೂ ರೋಗ ಹತ್ತುತ್ತಿರಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ ಎಂದು ಅನ್ನಿಸಬಹುದು. ನಮಗೂ ಒಮ್ಮೆ ದಡಾರ ಬಂದು ಹೋದರೆ ಮತ್ತೆ ಬರುವುದಿಲ್ಲ. ಆದರೆ ನಮ್ಮ ಮೈಯಲ್ಲಿ ಆ ನೆನಪನ್ನು ಇಟ್ಟುಕೊಳ್ಳಲು ಬಿಳಿರಕ್ತಕಣಗಳಿವೆ, ಆ್ಯಂಟಿಬಾಡಿಗಳಿವೆ. ಗಿಡಕ್ಕೆ ರಕ್ತವಿಲ್ಲ, ಆ್ಯಂಟಿಬಾಡಿ ಇಲ್ಲ, ಓಡಾಡುವ ಕಾವಲು ಕೋಶಗಳೂ ಇಲ್ಲ. ಹಾಗಿದ್ದ ಮೇಲೆ ಬುಡದ ಎಲೆಗೆ ಬಂದ ಕಾಯಿಲೆಯ ಸುದ್ದಿ ತುದಿಯ ಎಲೆಗೆ ಯಾರು ಮುಟ್ಟಿಸಿದರು? ಯಾವ ಭಾಷೆಯಲ್ಲಿ ಮುಟ್ಟಿಸಿದರು? ಈ ಪ್ರಶ್ನೆಗೆ ಉತ್ತರ ಸಿಗಲು ಹತ್ತಿರಹತ್ತಿರ ಎಪ್ಪತ್ತು ವರ್ಷ ಹಿಡಿಯಿತು. ಉತ್ತರ ಸಿಕ್ಕಿದ್ದು ಆರ್‌ಎನ್‌ಎಯಲ್ಲಿ. ಅದೂ ಪ್ರೋಟೀನ್ ತಯಾರಿಕೆಗೆ ಬಾರದ, ಬಹುಕಾಲ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಚೂರುಪಾರು ಆರ್‌ಎನ್‌ಎಯಲ್ಲಿ.

ಶಾಲೆಯಲ್ಲಿ ನಾವೆಲ್ಲ ಕಲಿತ ಪಾಠ ಇದು: ಡಿಎನ್‌ಎ ಮೂಲ ಗ್ರಂಥ, ಆರ್‌ಎನ್‌ಎ ಅದರ ನಕಲು ಪ್ರತಿ, ಆ ಪ್ರತಿಯನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಪಾಠ ಸರಿಯೇ. ಆದರೆ ಮನುಷ್ಯನ ಡಿಎನ್‌ಎಯಲ್ಲಿರುವ ಸುಮಾರು 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನಿಗೆ ಸೂಚನೆ ಬರೆದಿರುವ ಭಾಗ ನೂರಕ್ಕೆ ಎರಡಕ್ಕಿಂತ ಕಡಿಮೆ. ಉಳಿದದ್ದಕ್ಕೆ 1970ರ ದಶಕದಲ್ಲಿ ‘ಜಂಕ್’ ಎಂಬ ಹೆಸರು ಅಂಟಿಕೊಂಡಿತು. ಆ ಉಳಿದ ಭಾಗದಿಂದಲೂ ಜೀವಕೋಶ ಧಾರಾಳವಾಗಿ ಆರ್‌ಎನ್‌ಎ ಬರೆಯುತ್ತದೆ ಎಂದು ಆಮೇಲೆ ತಿಳಿಯಿತು. ಪ್ರೋಟೀನ್ ಆಗದೆ ಆರ್‌ಎನ್‌ಎ ಆಗಿಯೇ ಉಳಿಯುವ ಇವನ್ನೆಲ್ಲ ಒಟ್ಟಾಗಿ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ‘ಎಲ್ಲ ಕಸ’ ಎಂದದ್ದು ಎಷ್ಟು ತಪ್ಪೋ, ‘ಎಲ್ಲದಕ್ಕೂ ಗುಟ್ಟಾದ ಕೆಲಸವಿದೆ’ ಎಂಬ ಈಗಿನ ಉತ್ಸಾಹವೂ ಅಷ್ಟೇ ತಪ್ಪು. ಪಟ್ಟಿಯಲ್ಲಿರುವ ಉದ್ದನೆಯ ಸಾವಿರಾರು ಆರ್‌ಎನ್‌ಎಗಳಲ್ಲಿ, ‘ಇದನ್ನು ತೆಗೆದರೆ ಇಂಥದ್ದು ಕೆಡುತ್ತದೆ’ ಎಂದು ಪ್ರಯೋಗದಲ್ಲಿ ತೋರಿಸಿರುವುದು ಬಹಳ ಸಣ್ಣ ಪಾಲು. ನಾನು ಇವತ್ತು ಹೇಳುವ ಉದಾಹರಣೆಗಳೆಲ್ಲ ಆ ಸಣ್ಣ ಪಾಲಿನವು.

ಮತ್ತೆ ಗಿಡಕ್ಕೆ ಬರೋಣ. 1990ರ ಹೊತ್ತಿಗೆ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢ ಮಾಡಬೇಕೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಹೂ ಕಡುನೇರಳೆ ಆಗುವ ಬದಲು ಎಷ್ಟೋ ಗಿಡಗಳಲ್ಲಿ ಬಿಳಿ ಬಿಳಿಯಾಗಿ ಅರಳಿತು. ಹೊಸ ಜೀನು ತಾನೂ ಕೆಲಸ ಮಾಡಲಿಲ್ಲ, ಮೊದಲಿದ್ದದ್ದನ್ನೂ ಮಾಡಗೊಡಲಿಲ್ಲ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದರ ಕೀಲಿ ಹಿಡಿದರು. ಜೋಡಿ ಎಳೆಯ ಆರ್‌ಎನ್‌ಎ ಒಳಗೆ ಹೋದರೆ, ಅದಕ್ಕೆ ಹೊಂದುವ ಅಕ್ಷರಗಳುಳ್ಳ ಜೀನು ಬಾಯಿ ಮುಚ್ಚುತ್ತದೆ. ಇದೇ ಆರ್‌ಎನ್‌ಎ ಇಂಟರ್‌ಫಿಯರೆನ್ಸ್. 2006ರ ನೊಬೆಲ್ ಇದಕ್ಕೇ ಬಂತು. ಆ ಶೋಧದ ಮರುವರ್ಷ, ಅಂದರೆ 1999ರಲ್ಲಿ, ಹ್ಯಾಮಿಲ್ಟನ್ ಮತ್ತು ಬಾಲ್‌ಕೂಂಬ್ ಅವರು ಜೀನು ಮೌನವಾದ ಗಿಡಗಳಲ್ಲೂ ವೈರಸ್ ತಗುಲಿದ ಗಿಡಗಳಲ್ಲೂ ಸುಮಾರು 25 ಅಕ್ಷರದ ಪುಟ್ಟ ಪುಟ್ಟ ಆರ್‌ಎನ್‌ಎ ತುಂಡುಗಳನ್ನು ಕಂಡರು. ಗಿಡಗಳಲ್ಲಿ ಅಷ್ಟು ಚಿಕ್ಕ ತುಂಡುಗಳನ್ನು ಅದುವರೆಗೆ ಯಾರೂ ಹುಡುಕಿರಲಿಲ್ಲ. ಪ್ರಯೋಗದಲ್ಲಿ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನ ತುದಿಯಿಂದ ಜಾರಿಹೋಗುವಷ್ಟು ಸಣ್ಣವು ಅವು.

ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಈ ಕಾಗದದ ಪಟ್ಟಿಯಲ್ಲಿ ತೋರಿಸುತ್ತೇನೆ. (ಸಭೆಯಲ್ಲಿ ನಾನು ಒಂದು ಮೊಳದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಹಿಡಿದು ಕತ್ತರಿಯಿಂದ ತುಂಡು ಮಾಡುತ್ತ ಹೋದೆ. ಓದುವವರು ಅದನ್ನು ಕಲ್ಪಿಸಿಕೊಳ್ಳಬೇಕು.) ಜೀವಕೋಶದ ಸ್ವಂತ ಸಂದೇಶಗಳು ಸಾಮಾನ್ಯವಾಗಿ ಒಂಟಿ ಎಳೆಯವು. ಆರ್‌ಎನ್‌ಎ ವೈರಸ್ಸು ತನ್ನ ಪ್ರತಿ ತೆಗೆಯಬೇಕಾದರೆ ಒಂದೆಳೆಯ ಎದುರಿಗೆ ಇನ್ನೊಂದೆಳೆ ಬರೆಯಲೇಬೇಕು. ಆಗ ಸ್ವಲ್ಪ ಹೊತ್ತಾದರೂ ಉದ್ದನೆಯ ಜೋಡಿ ಎಳೆ ಉಂಟಾಗುತ್ತದೆ. ಅದೇ ಸುಳಿವು. ಡೈಸರ್ ಎಂಬ ಕಿಣ್ವ ಆ ಜೋಡಿಯನ್ನು ಹಿಡಿದು ಒಂದು ತುದಿಯಿಂದ ಅಳತೆಮಾಡಿ 21, 22 ಅಕ್ಷರಕ್ಕೊಂದರಂತೆ ಕತ್ತರಿಸುತ್ತದೆ. ಆ ತುಂಡಿನ ಒಂದೆಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನ್ ಕಚ್ಚಿಕೊಂಡು ಕೋಶದೊಳಗೆಲ್ಲ ತಿರುಗುತ್ತದೆ. ಆ ತುಂಡಿಗೆ ಅಕ್ಷರಕ್ಕಕ್ಷರ ಹೊಂದುವ ಆರ್‌ಎನ್‌ಎ ಎಲ್ಲಿ ಕಂಡರೂ ಅದನ್ನು ನಡುವಿಗೆ ಸರಿಯಾಗಿ ಕತ್ತರಿಸುತ್ತದೆ.

ಇದರ ಸೊಗಸನ್ನು ಗಮನಿಸಿ. ಪ್ರೋಟೀನಿನ ಆಯುಧವಾದರೆ ಆಕಾರ ಗುರುತಿಸಬೇಕು. ವೈರಸ್ಸು ವೇಷ ಬದಲಿಸಿತೋ, ಗುರಿ ತಪ್ಪಿತು. ಇಲ್ಲಿ ಆಯುಧವನ್ನು ವೈರಸ್ಸಿನ ಮೈಯಿಂದಲೇ ಕೊಯ್ದು ತೆಗೆದಿದೆ. ವೈರಸ್ಸು ಅಕ್ಷರ ಬದಲಿಸಿದರೆ ಡೈಸರ್ ಕತ್ತರಿಸುವ ಹೊಸ ತುಂಡಿನಲ್ಲೂ ಅದೇ ಹೊಸ ಅಕ್ಷರ ಇರುತ್ತದೆ. ಕೋಶಕ್ಕೆ ಆ ವೈರಸ್ಸಿನ ಪರಿಚಯ ಮೊದಲೇ ಇರಬೇಕಾಗಿಲ್ಲ. ಗಿಡಗಳಲ್ಲಂತೂ ಈ ತುಂಡುಗಳು ಕೋಶಕೋಶಗಳ ನಡುವಿನ ಸಣ್ಣ ಕಿಂಡಿಗಳ ಮೂಲಕ, ಆಹಾರ ಸಾಗಿಸುವ ನಾಳಗಳ ಮೂಲಕ ಮೇಲಕ್ಕೆ ಹರಿಯುತ್ತವೆ. ತುದಿಯ ಎಲೆಗೆ ವೈರಸ್ಸು ಕಾಲಿಡುವ ಮೊದಲೇ ಅದರ ಗುರುತು ಅಲ್ಲಿಗೆ ತಲುಪಿರುತ್ತದೆ. ವಿಂಗಾರ್ಡ್ ಅವರ ಗಿಡದ ಹಸಿರು ಎಲೆಗಳ ಗುಟ್ಟು ಇದೇ.

ಹವಾಯಿಯ ಪರಂಗಿ ತೋಟಗಳನ್ನು ಉಳಿಸಿದ್ದೂ ಇದೇ. ಅಲ್ಲಿ ಪರಂಗಿ ಬೆಳೆಯುತ್ತಿದ್ದ ಮುಖ್ಯ ಪ್ರದೇಶಕ್ಕೆ 1992ರಲ್ಲಿ ರಿಂಗ್‌ಸ್ಪಾಟ್ ವೈರಸ್ ನುಗ್ಗಿ ತೋಟಗಳನ್ನು ಬರಿದುಮಾಡತೊಡಗಿತ್ತು. (ಹೆಸರು ಒಂದೇ ಆದರೂ ಇದು ತಂಬಾಕಿನದಲ್ಲ, ಬೇರೆ ವೈರಸ್.) ಡೆನ್ನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ವೈರಸ್ಸಿನ ಹೊದಿಕೆಯ ಜೀನನ್ನೇ ಪರಂಗಿಗೆ ಸೇರಿಸಿ ತಳಿ ಮಾಡಿದರು. 1998ರಲ್ಲಿ ಬೀಜ ರೈತರ ಕೈಸೇರಿತು. ಹೊದಿಕೆಯ ಪ್ರೋಟೀನೇ ಹೇಗೋ ಅಡ್ಡ ಬರುತ್ತದೆ ಎಂಬುದು ಮೊದಲ ಊಹೆ. ಆಮೇಲೆ ತಿಳಿಯಿತು, ಗಿಡವನ್ನು ಕಾಯುತ್ತಿದ್ದದ್ದು ಪ್ರೋಟೀನಲ್ಲ, ಆ ಜೀನಿನಿಂದ ಹುಟ್ಟಿದ ಆರ್‌ಎನ್‌ಎ ತುಂಡುಗಳು.

ವೈರಸ್ಸೇನು ಕೈಕಟ್ಟಿ ಕೂತಿಲ್ಲ. ಟೊಮೆಟೊ ಗಿಡ ಕುಳ್ಳಾಗಿಸುವ ಒಂದು ವೈರಸ್ಸಿನಲ್ಲಿ ಪಿ19 ಎಂಬ ಪ್ರೋಟೀನಿದೆ. 2003ರಲ್ಲಿ ಅದರ ಆಕಾರ ಬಿಡಿಸಿ ನೋಡಿದಾಗ ನನ್ನಂಥವರಿಗೆಲ್ಲ ಮೈ ಜುಂ ಎಂದಿತ್ತು. ಎರಡು ಪಿ19ಗಳು ಕೈಕೈ ಹಿಡಿದು ಒಂದು ತೊಟ್ಟಿಲಿನ ಹಾಗೆ ಆಗುತ್ತವೆ. ಅದರೊಳಗೆ ಡೈಸರ್ ಕತ್ತರಿಸಿದ ತುಂಡು ಮಲಗುತ್ತದೆ. ತೊಟ್ಟಿಲಿನ ಎರಡು ತುದಿಗೂ ಒಂದೊಂದು ಮುಚ್ಚಳ. ಆ ಮುಚ್ಚಳಗಳ ನಡುವಿನ ಅಂತರ ಸರಿಯಾಗಿ ಡೈಸರ್ ತುಂಡಿನ ಅಳತೆಯದು. ತುಂಡಿನಲ್ಲಿ ಏನು ಬರೆದಿದೆ ಎಂದು ಪಿ19 ಓದುವುದೇ ಇಲ್ಲ, ಉದ್ದ ಅಳೆಯುತ್ತದೆ ಅಷ್ಟೆ. ಅಳತೆ ಸರಿಯಿದ್ದರೆ ಎತ್ತಿ ಬಚ್ಚಿಡುತ್ತದೆ, ಆರ್ಗೊನಾಟ್ ಬರಿಗೈಯಲ್ಲಿ ನಿಲ್ಲುತ್ತದೆ. ಗಿಡದ ರಕ್ಷಣೆ ಎಷ್ಟು ಹಳೆಯದು, ವೈರಸ್ಸುಗಳಿಗೆ ಅದು ಎಷ್ಟು ಕಾಟ ಕೊಟ್ಟಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಉಪಯೋಗವಿಲ್ಲದ ಆಯುಧಕ್ಕೆ ಯಾರೂ ಇಷ್ಟು ನಾಜೂಕಾದ ಗುರಾಣಿ ಮಾಡಿಕೊಳ್ಳುವುದಿಲ್ಲ.

ಕೀಟಗಳಲ್ಲೂ ಇದೇ ಕತ್ತರಿ ಇದೆ. ಡೆಂಗಿ ವೈರಸ್ಸನ್ನು ಹೊತ್ತ ಸೊಳ್ಳೆ ತಾನು ಸಾಯದೆ ಆಯಸ್ಸಿರುವವರೆಗೂ ಹಾರಾಡುತ್ತಿರುವುದಕ್ಕೆ ಅದರ ಡೈಸರ್ ವೈರಸ್ಸನ್ನು ಮಿತಿಯಲ್ಲಿ ಇಟ್ಟಿರುವುದು ಒಂದು ಮುಖ್ಯ ಕಾರಣ. ಬ್ಯಾಕ್ಟೀರಿಯಾಗಳ ದಾರಿ ಬೇರೆ, ತತ್ವ ಮಾತ್ರ ಇದರದೇ ನೆಂಟ. ದಾಳಿಮಾಡಿದ ವೈರಸ್ಸಿನ ಡಿಎನ್‌ಎ ಚೂರನ್ನು ತಮ್ಮ ಡಿಎನ್‌ಎಯಲ್ಲೇ ಪೋಣಿಸಿಟ್ಟುಕೊಂಡು, ಮುಂದೆ ಅದರಿಂದ ಪುಟ್ಟ ಆರ್‌ಎನ್‌ಎ ಬರೆದು, ಅದನ್ನು ಕತ್ತರಿಯ ಕೈಗೆ ಕೊಡುತ್ತವೆ. ಜೀನ್ ತಿದ್ದುವ ತಂತ್ರವಾಗಿ ಹೆಸರಾದ ಕ್ರಿಸ್ಪರ್‌ನ ತವರು ಅದು.

ಹಾಗಾದರೆ ನಮ್ಮ ಕತೆ ಏನು? ಮನುಷ್ಯನಲ್ಲೂ ಡೈಸರ್ ಇದೆ, ಆರ್ಗೊನಾಟ್ ಇದೆ. 1998ರ ಶೋಧ ಬಂದ ಕೂಡಲೇ ಎಷ್ಟೋ ಪ್ರಯೋಗಾಲಯಗಳಲ್ಲಿ ಉದ್ದನೆಯ ಜೋಡಿ ಎಳೆಯನ್ನು ಸಸ್ತನಿಗಳ ಕೋಶಕ್ಕೆ ಹಾಕಿ ನೋಡಿದರು. ಒಂದು ಜೀನು ಮೌನವಾಗಲಿಲ್ಲ, ಇಡೀ ಕೋಶವೇ ಅಂಗಡಿ ಮುಚ್ಚಿತು. ಯಾಕೆಂದರೆ ನಮ್ಮ ಕೋಶಗಳಿಗೆ ಉದ್ದನೆಯ ಜೋಡಿ ಎಳೆ ಕಂಡರೆ ಅದು ಬೆಂಕಿ ಬಿದ್ದ ಸುದ್ದಿ. ರಿಗ್-ಐ, ಎಂಡಿಎ5 ಎಂಬ ಕಾವಲು ಪ್ರೋಟೀನುಗಳು ಅದನ್ನು ಹಿಡಿದು ಗಂಟೆ ಬಾರಿಸುತ್ತವೆ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಹೊರಡುತ್ತದೆ, ನೆರೆಯ ಕೋಶಗಳೆಲ್ಲ ಬಾಗಿಲು ಭದ್ರಮಾಡಿಕೊಳ್ಳುತ್ತವೆ. ಇಂಟರ್‌ಫೆರಾನನ್ನು 1957ರಲ್ಲೇ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದಿದ್ದರು. 2001ರಲ್ಲಿ ಥಾಮಸ್ ಟುಶ್ಲ್ ಅವರ ತಂಡ 21 ಅಕ್ಷರದ ತುಂಡುಗಳನ್ನೇ ನೇರವಾಗಿ ಕೊಟ್ಟಾಗ ಗಂಟೆ ಬಾರಿಸಲಿಲ್ಲ, ಬೇಕಾದ ಜೀನು ಮಾತ್ರ ಮೌನವಾಯಿತು. ಅಂದರೆ ನಮ್ಮಲ್ಲಿ ಕತ್ತರಿ ತುಕ್ಕು ಹಿಡಿದಿಲ್ಲ. ಉದ್ದದ ಎಳೆ ಕಂಡಾಗ ಮೊದಲು ಎದ್ದು ಬರುವುದು ಬೇರೆಯವರು, ಅಷ್ಟೆ.

ನಮ್ಮ ಮೈಯಲ್ಲಿ ಈ ಹಳೆಯ ಕತ್ತರಿ ವೈರಸ್ಸಿನ ವಿರುದ್ಧ ಈಗಲೂ ಎಲ್ಲಾದರೂ ಏಳುತ್ತದೆಯೇ ಎಂಬುದರ ಮೇಲೆ ವಿಜ್ಞಾನಿಗಳಲ್ಲಿ ದೊಡ್ಡ ಜಗಳವೇ ನಡೆದಿದೆ. 2013ರಲ್ಲಿ ಇಲಿಯ ಕೋಶಗಳಲ್ಲೂ ಇಲಿಮರಿಗಳಲ್ಲೂ ನೋಡಿ ‘ಹೌದು’ ಎಂದು ಎರಡು ತಂಡಗಳು ಬರೆದವು, ಹಲವರು ಒಪ್ಪಲಿಲ್ಲ. ನನಗೆ ಹೆಚ್ಚು ಮನವರಿಕೆ ಮಾಡಿಸಿದ್ದು 2021ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಇನ್‌ಸ್ಟಿಟ್ಯೂಟಿನಿಂದ ಬಂದ ಕೆಲಸ. ಕಾಂಡಕೋಶಗಳಲ್ಲಿ, ಅಂದರೆ ಮುಂದೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಲ್ಲಿ, ಡೈಸರಿನ ಒಂದು ಮೋಟು ರೂಪ ಇದೆ. ಒಂದು ಭಾಗ ಕಡಿಮೆಯಾದ್ದರಿಂದಲೇ ಅದು ವೈರಸ್ಸಿನ ಜೋಡಿ ಎಳೆಯನ್ನು ಚುರುಕಾಗಿ ಕತ್ತರಿಸುತ್ತದೆ. ಜೀಕಾ ವೈರಸ್ಸನ್ನೂ ಕೋವಿಡ್ ತರುವ ವೈರಸ್ಸನ್ನೂ ಅದು ತಡೆಯಿತು. ಕಾಂಡಕೋಶಗಳಲ್ಲೇ ಯಾಕೆ? ಅವು ಇಂಟರ್‌ಫೆರಾನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಇಂಟರ್‌ಫೆರಾನ್ ಬಂದರೆ ಕೋಶ ಬೆಳೆಯುವುದನ್ನು ನಿಲ್ಲಿಸಬೇಕು, ಬೇಕಾದರೆ ಸಾಯಬೇಕು. ಮೂಲಕೋಶವೇ ಸತ್ತರೆ ಅಂಗವನ್ನು ಮತ್ತೆ ಕಟ್ಟುವವರು ಯಾರು? ಬೀಜದ ಕಾಳನ್ನು ಜೋಪಾನ ಮಾಡುವ ಹಾಗೆ ಈ ಕೋಶಗಳನ್ನು ಹಳೆಯ, ಸದ್ದಿಲ್ಲದ ವಿಧಾನ ಕಾಯುತ್ತಿದೆ.

ಉಳಿದ ಕೋಶಗಳಲ್ಲಿ ಹೊಡೆಯುವ ಕೆಲಸ ಪ್ರೋಟೀನುಗಳ ಪಾಲಾಯಿತು. ನಾನ್‌ಕೋಡಿಂಗ್ ಆರ್‌ಎನ್‌ಎ ಏನು ಮಾಡುತ್ತಿದೆ ಎಂದು ಕೇಳಿದರೆ ನನ್ನ ಉತ್ತರ: ಅದು ಲಗಾಮು ಹಿಡಿದು ಕೂತಿದೆ. ಇಂಟರ್‌ಫೆರಾನಿನ ಪಡೆ ಸಾಮಾನ್ಯದ್ದಲ್ಲ. ಬೇಡದ ಹೊತ್ತಿನಲ್ಲಿ ಎದ್ದರೆ, ಎದ್ದದ್ದು ಮತ್ತೆ ಮಲಗದಿದ್ದರೆ, ಸ್ವಂತ ಮೈಯನ್ನೇ ಸುಡುತ್ತದೆ. ಅದನ್ನು ಕಟ್ಟಿಹಾಕುವುದು, ಹೊತ್ತಿಗೆ ಸರಿಯಾಗಿ ಬಿಡುವುದು, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟುವುದು ಈ ಆರ್‌ಎನ್‌ಎಗಳ ಕಸುಬು. ನಾನು ಇವತ್ತು ನಿಮ್ಮ ಮುಂದೆ ನಿಂತಿರುವುದು ಮುಖ್ಯವಾಗಿ ಈ ಮಾತು ಹೇಳಲಿಕ್ಕೆ.

ಇದಕ್ಕೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ ವೃತ್ತಾಕಾರದ ಆರ್‌ಎನ್‌ಎ. ಪಟ್ಟಿಯ ಎರಡೂ ತುದಿಗಳನ್ನು ಅಂಟಿಸಿದರೆ ಬಳೆಯಾಗುತ್ತದಲ್ಲ, ಹಾಗೆ. ಆರ್‌ಎನ್‌ಎಯನ್ನು ತಿನ್ನುವ ಬಹಳಷ್ಟು ಕಿಣ್ವಗಳಿಗೆ ಶುರುಮಾಡಲು ಒಂದು ತುದಿ ಬೇಕು. ಬಳೆಗೆ ತುದಿ ಇಲ್ಲ, ಹಾಗಾಗಿ ಬಾಳಿಕೆ ಹೆಚ್ಚು. ಬಹುಕಾಲ ಇವನ್ನು ಕೋಶದ ಕೈತಪ್ಪಿನಿಂದ ಹುಟ್ಟಿದ್ದು ಎಂದೇ ತಿಳಿದಿದ್ದರು. 2019ರಲ್ಲಿ ಶಾಂಘೈನ ಚೆನ್ ಲಿಂಗ್‌ಲಿಂಗ್ ಅವರ ತಂಡ ತೋರಿಸಿದ್ದು ಹೀಗಿದೆ. ಈ ಬಳೆಗಳು ತಮ್ಮ ಮೇಲೇ ಮಡಚಿಕೊಂಡು ಅಲ್ಲಲ್ಲಿ 16ರಿಂದ 26 ಅಕ್ಷರಜೋಡಿಯಷ್ಟು ಗಿಡ್ಡ ಜೋಡಿ ಎಳೆಗಳಾಗುತ್ತವೆ. ಕೋಶದಲ್ಲಿ ಪಿಕೆಆರ್ ಎಂಬ ಪ್ರೋಟೀನಿದೆ, ವೈರಸ್ಸಿನ ಉದ್ದನೆಯ ಜೋಡಿ ಎಳೆ ಸಿಕ್ಕರೆ ಅದು ಎಚ್ಚೆತ್ತು ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಎಚ್ಚರಗೊಳ್ಳಲು ಅದಕ್ಕೆ 30 ಜೋಡಿಗಿಂತ ಉದ್ದದ ಎಳೆ ಬೇಕು. ಗಿಡ್ಡ ಎಳೆ ಸಿಕ್ಕರೆ ಹಿಡಿದುಕೊಳ್ಳುತ್ತದೆ, ಆದರೆ ಎಚ್ಚರಗೊಳ್ಳುವುದಿಲ್ಲ. ಅಳುವ ಮಗುವಿನ ಬಾಯಿಗೆ ಬೆರಳಿಟ್ಟ ಹಾಗೆ. ಆರೋಗ್ಯವಂತ ಕೋಶದಲ್ಲಿ ಪಿಕೆಆರ್ ಬಳೆಗಳನ್ನು ಕಚ್ಚಿಕೊಂಡು ಸುಮ್ಮನಿರುತ್ತದೆ.

ಈಗ ವೈರಸ್ ಒಳಗೆ ಬಂತು ಎನ್ನಿ. ಜೋಡಿ ಎಳೆಯ ವಾಸನೆ ಹಿಡಿದ ಇನ್ನೊಂದು ಕಾವಲುಗಾರ ಆರ್‌ನೇಸ್-ಎಲ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವಕ್ಕೆ ತುದಿ ಬೇಕಾಗಿಲ್ಲ, ನಡುವಿಗೇ ಕಡಿಯುತ್ತದೆ. ಕೋಶದ ಬಳೆಗಳೆಲ್ಲ ಕೆಲವೇ ಗಂಟೆಗಳಲ್ಲಿ ಚೂರುಚೂರು. ಪಿಕೆಆರ್‌ನ ಕೈ ಬರಿದಾಯಿತು, ಎದುರಿಗೆ ವೈರಸ್ಸಿನ ಉದ್ದನೆಯ ಎಳೆ ಇದೆ. ಹಿಡಿಯಿತು, ಎದ್ದಿತು, ತಯಾರಿಕೆ ನಿಲ್ಲಿಸಿತು. ಒಂದು ಲಗಾಮು ಕಡಿಯುವುದರಲ್ಲಿ ಇಡೀ ರಕ್ಷಣೆ ಅಡಗಿದೆ. ಇದನ್ನು ಮೊದಲ ಸಲ ಓದಿದ ದಿನ ಆ ಚಿತ್ರವನ್ನು ಹಾಳೆಯ ಮೇಲೆ ನಾಲ್ಕೈದು ಸಲ ಬಿಡಿಸಿ ನೋಡಿದ್ದೆ, ಎಲ್ಲಾದರೂ ಕೊಂಡಿ ತಪ್ಪಿದೆಯೇ ಎಂದು. ತಪ್ಪಿರಲಿಲ್ಲ. ಅದೇ ಅಧ್ಯಯನದಲ್ಲಿ ಲೂಪಸ್ ರೋಗಿಗಳ ರಕ್ತವನ್ನೂ ನೋಡಿದ್ದರು. ಲೂಪಸ್ ಎಂದರೆ ರೋಗನಿರೋಧಕ ಪಡೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಆ ರೋಗಿಗಳ ರಕ್ತಕೋಶಗಳಲ್ಲಿ ಬಳೆಗಳು ಕಡಿಮೆ ಇದ್ದವು, ಪಿಕೆಆರ್ ಅತಿಯಾಗಿ ಎಚ್ಚೆತ್ತಿತ್ತು. ಬಳೆಗಳನ್ನು ಹೊರಗಿನಿಂದ ಸೇರಿಸಿದಾಗ ಪಿಕೆಆರ್ ತಣ್ಣಗಾಯಿತು. ವೈರಸ್ಸೇ ಇಲ್ಲದೆ ಲಗಾಮು ಹರಿದರೆ ಏನಾಗುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ಉದ್ದನೆಯ ನಾನ್‌ಕೋಡಿಂಗ್ ಆರ್‌ಎನ್‌ಎಗಳಲ್ಲೂ, ಅಂದರೆ 200 ಅಕ್ಷರಕ್ಕಿಂತ ದೊಡ್ಡವುಗಳಲ್ಲೂ, ಇದೇ ಬಗೆಯವು ಸಿಗುತ್ತವೆ. ಎನ್‌ರಾವ್ ಎಂಬುದು ಆರೋಗ್ಯವಿದ್ದಾಗ ರಕ್ಷಣೆಯ ಜೀನುಗಳನ್ನು ಅದುಮಿ ಹಿಡಿದಿರುತ್ತದೆ, ಸೋಂಕು ಬಂದ ಕೂಡಲೇ ಕೋಶ ಅದನ್ನು ಇಳಿಸಿಬಿಡುತ್ತದೆ. ಎಲ್‌ಎನ್‌ಸಿ-ಎಲ್‌ಎಸ್‌ಎಂ3ಬಿ ಎಂಬುದು ಇದಕ್ಕೆ ತಿರುವುಮುರುವು. ಇಂಟರ್‌ಫೆರಾನ್ ಬಂದ ಮೇಲೆ ಹುಟ್ಟಿ, ವೈರಸ್ಸಿನ ಆರ್‌ಎನ್‌ಎಯ ಹಾಗೆ ರಿಗ್-ಐಗೆ ಹೋಗಿ ಅಂಟಿಕೊಂಡು, ಬಾರಿಸುತ್ತಿರುವ ಗಂಟೆಯನ್ನು ಮೆಲ್ಲಗೆ ನಿಲ್ಲಿಸುತ್ತದೆ. ನೀಟ್1 ಎಂಬುದು ಕೋಶಕೇಂದ್ರದಲ್ಲಿ ಸಣ್ಣ ಸಣ್ಣ ಉಂಡೆಗಳನ್ನು ಕಟ್ಟುತ್ತದೆ. ಇನ್‌ಫ್ಲುಯೆಂಜಾ ಸೋಂಕಿನಲ್ಲಿ ಅದು ಹೆಚ್ಚುತ್ತದೆ, ಉರಿಯೂತದ ಜೀನಿಗೆ ಅಡ್ಡಲಾಗಿ ಕೂತಿದ್ದ ಪ್ರೋಟೀನನ್ನು ಆ ಉಂಡೆಗಳೊಳಗೆ ಎಳೆದುಕೊಂಡು ಜೀನಿಗೆ ದಾರಿ ಬಿಡಿಸುತ್ತದೆ. ಹೆಸರುಗಳು ಕೇಳಲು ಕಠಿಣ, ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಮೈಕ್ರೋ ಆರ್‌ಎನ್‌ಎಗಳ ಮಾತಿಗೆ ಬಂದರೆ ಸ್ವಲ್ಪ ನಿಧಾನಿಸಬೇಕು. ಇವು ಸುಮಾರು 22 ಅಕ್ಷರದವು. ವೈರಸ್ಸಿನಿಂದ ಕೊಯ್ದವಲ್ಲ, ನಮ್ಮದೇ ಜೀನುಗಳಿಂದ ಹುಟ್ಟಿದವು. ಮೊದಲನೆಯದನ್ನು 1993ರಲ್ಲಿ ಹುಳುವಿನಲ್ಲಿ ಕಂಡರು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಇವುಗಳ ನಿತ್ಯದ ಕೆಲಸ ನಮ್ಮದೇ ಸಂದೇಶಗಳ ದನಿ ತಗ್ಗಿಸುವುದು. ವೈರಸ್ಸಿನ ಆರ್‌ಎನ್‌ಎ ಎಲ್ಲಾದರೂ ಇವುಗಳಿಗೆ ಹೊಂದಿದರೆ ಅದರ ದನಿಯೂ ತಗ್ಗುತ್ತದೆ. 2005ರಲ್ಲಿ ಮಿರ್-32 ಎಂಬುದು ಒಂದು ರೆಟ್ರೊವೈರಸ್ಸನ್ನು (ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದು ಕೋಶದ ಡಿಎನ್‌ಎಯೊಳಗೆ ಸೇರಿಸುವ ಜಾತಿಯ ವೈರಸ್) ಹೀಗೆ ತಡೆಯುವುದನ್ನು ಫ್ರಾನ್ಸಿನಲ್ಲಿ ತೋರಿಸಿದರು. ಎಲ್ಲರಿಗೂ ಸಂಭ್ರಮ, ಮನುಷ್ಯನಿಗೂ ಗಿಡದ ಹಾಗೆ ಆಯುಧ ಸಿಕ್ಕಿತೆಂದು.

ಅದೇ ವರ್ಷ ಇನ್ನೊಂದು ಶೋಧ ಬಂದು ಆ ಸಂಭ್ರಮಕ್ಕೆ ತಣ್ಣೀರು ಹಾಕಿತು. ಯಕೃತ್ತಿನ ಕೋಶಗಳಲ್ಲಿ ಮಿರ್-122 ಎಂಬ ಮೈಕ್ರೋ ಆರ್‌ಎನ್‌ಎ ಎಲ್ಲಕ್ಕಿಂತ ಹೇರಳ. ಹೆಪಟೈಟಿಸ್ ಸಿ ವೈರಸ್ಸಿನ ತಲೆಯ ಹತ್ತಿರ ಅದು ಹೊಂದಿಕೊಳ್ಳುವ ಎರಡು ಜಾಗಗಳಿವೆ. ಅಲ್ಲಿ ಅಂಟಿಕೊಂಡರೆ ವೈರಸ್ಸು ಸಾಯಬೇಕಲ್ಲ? ಸಾಯಲಿಲ್ಲ. ಮಿರ್-122 ಅದರ ತುದಿಗೆ ಟೊಪ್ಪಿಗೆ ತೊಡಿಸಿದ ಹಾಗೆ ಕೂತು, ಕಿಣ್ವಗಳು ಅದನ್ನು ತಿನ್ನದಂತೆ ಕಾಪಾಡುತ್ತದೆ. ಮಿರ್-122 ತೆಗೆದರೆ ವೈರಸ್ಸು ಬೆಳೆಯಲಾರದು. ನಮ್ಮ ಮನೆಯ ಕಾವಲುಗಾರನನ್ನೇ ಅದು ತನ್ನ ಸೇವೆಗೆ ಇಟ್ಟುಕೊಂಡಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ವೈರಸ್ಸಿದೆ. ಸೊಳ್ಳೆಯಿಂದ ಹರಡಿ ಮಿದುಳಿನ ಊತ ತರುವ, ಅಮೆರಿಕ ಖಂಡದ ಈಸ್ಟರ್ನ್ ಈಕ್ವೈನ್ ಎನ್ಸೆಫಲೈಟಿಸ್ ವೈರಸ್. ರಕ್ತದ ಕಾವಲು ಕೋಶಗಳಲ್ಲಿ ಮಿರ್-142 ತುಂಬಿರುತ್ತದೆ. ಈ ವೈರಸ್ಸಿನ ಬಾಲದಲ್ಲಿ ಮಿರ್-142ಕ್ಕೆ ಹೊಂದುವ ಜಾಗಗಳಿವೆ, ಆದ್ದರಿಂದ ಆ ಕೋಶಗಳಲ್ಲಿ ವೈರಸ್ಸು ಬೆಳೆಯುವುದಿಲ್ಲ. ಒಳ್ಳೆಯ ರಕ್ಷಣೆ ಎನ್ನಿಸುತ್ತದೆ. ಆದರೆ ಇಂಟರ್‌ಫೆರಾನಿನ ಗಂಟೆ ಬಾರಿಸಬೇಕಾದವು ಅದೇ ಕೋಶಗಳು. ವೈರಸ್ಸು ಅವುಗಳೊಳಗೆ ಬೆಳೆಯದಿದ್ದರೆ ಅವಕ್ಕೆ ಸುಳಿವೂ ಸಿಗುವುದಿಲ್ಲ, ಗಂಟೆಯೂ ಬಾರಿಸುವುದಿಲ್ಲ. 2014ರಲ್ಲಿ ಆ ಜಾಗಗಳನ್ನು ಅಳಿಸಿದ ವೈರಸ್ಸನ್ನು ಇಲಿಗಳಿಗೆ ಕೊಟ್ಟು ನೋಡಿದರು. ಅದು ಕಾವಲು ಕೋಶಗಳಲ್ಲಿ ಚೆನ್ನಾಗಿ ಬೆಳೆಯಿತು, ಇಂಟರ್‌ಫೆರಾನ್ ಜೋರಾಗಿ ಎದ್ದಿತು, ಕಾಯಿಲೆಯ ತೀವ್ರತೆ ಇಳಿಯಿತು. ಹಾಗಾಗಿ ‘ಇಂಥ ಆರ್‌ಎನ್‌ಎ ವೈರಸ್ ವಿರೋಧಿ’ ಎಂಬ ಹಣೆಪಟ್ಟಿಯನ್ನು ನಾನು ನಂಬುವುದಿಲ್ಲ. ಯಾವ ಕೋಶ, ಯಾವ ವೈರಸ್, ಸೋಂಕಿನ ಯಾವ ಹೊತ್ತು ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: ಇದರಿಂದ ಔಷಧ ಬಂದಿದೆಯೇ ಸಾರ್? ಮಿರ್-122ರ ಕತೆಯೇ ಅದಕ್ಕೆ ಉತ್ತರ. ಅದನ್ನು ಹಿಡಿದು ಕಟ್ಟಿಹಾಕುವ ಮಿರಾವಿರ್ಸೆನ್ ಎಂಬ ಔಷಧವನ್ನು 36 ರೋಗಿಗಳಿದ್ದ ಒಂದು ಪರೀಕ್ಷೆಯಲ್ಲಿ ನೋಡಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ವಾರಕ್ಕೊಂದರಂತೆ ಐದು ಚುಚ್ಚುಮದ್ದು. ವೈರಸ್ ಪ್ರಮಾಣ ಡೋಸಿಗೆ ತಕ್ಕಂತೆ ಇಳಿಯಿತು, ಕೆಲವರಲ್ಲಿ ಪರೀಕ್ಷೆಗೆ ಸಿಗದಷ್ಟು. ವೈರಸ್ಸಿನ ಬದಲು ನಮ್ಮದೇ ಆರ್‌ಎನ್‌ಎಯನ್ನು ಗುರಿಮಾಡಿದ ಔಷಧ ಅದು. ಆದರೆ ಅದೇ ಹೊತ್ತಿಗೆ ಹೆಪಟೈಟಿಸ್ ಸಿ ವೈರಸ್ಸನ್ನು ನೇರವಾಗಿ ಹೊಡೆಯುವ ಮಾತ್ರೆಗಳು ಬಂದವು. ಅವುಗಳಿಂದ ಹೆಚ್ಚಿನವರು ಪೂರ್ತಿ ಗುಣವಾಗತೊಡಗಿದ್ದರಿಂದ ಮಿರಾವಿರ್ಸೆನ್ ಹಿಂದೆ ಸರಿಯಿತು. ರೋಗಿಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಇನ್ನೊಬ್ಬರು, ಚಿಕ್ಕ ವಯಸ್ಸಿನ ಹುಡುಗಿ, ಕೇಳಿದ್ದು ನನಗೆ ಇಷ್ಟವಾಯಿತು: ‘ಜಂಕ್ ಅಂದಿರಲ್ಲ ಸಾರ್, ನಿಜವಾಗಿಯೂ ಸತ್ತುಹೋದ ಜೀನು ಯಾವುದಾದರೂ ಕೆಲಸಕ್ಕೆ ಬಂದದ್ದಿದೆಯೇ?’ ಇದೆಯಮ್ಮ ಎಂದೆ. ನಮ್ಮ ಕೋಶಗಳಲ್ಲಿ 5ಎಸ್ ಎಂಬ, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಯ ಜೀನಿಗೆ ಕೆಟ್ಟುಹೋದ ನಕಲುಗಳು ಎಷ್ಟೋ ಇವೆ. ಅಂಥ ಒಂದರಿಂದ ಬರೆದ ಆರ್‌ಎನ್‌ಎ ಕೋಶದಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತದೆ, ಅದನ್ನು ಕೆಲವು ಪ್ರೋಟೀನುಗಳು ಹೊದಿಕೆಯ ಹಾಗೆ ಸುತ್ತಿಕೊಂಡಿರುತ್ತವೆ. ಬಾಯಿಹುಣ್ಣು ತರುವ ಹರ್ಪಿಸ್ ವೈರಸ್ಸು ಒಳಗೆ ಬಂದ ಕೂಡಲೇ ಕೋಶದ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ರಕ್ಷಣೆಯ ಪ್ರೋಟೀನುಗಳು ಹುಟ್ಟದಿರಲಿ ಎಂದು ಅದು ಮಾಡುವ ದಾಳಿ. ಆದರೆ ಆ ದಾಳಿಯಲ್ಲಿ ಈ ಹೊದಿಕೆಯ ಪ್ರೋಟೀನುಗಳೂ ಕಡಿಮೆಯಾಗಿ, ಸತ್ತ ಜೀನಿನ ಆರ್‌ಎನ್‌ಎ ಬೆತ್ತಲಾಗಿ ಹೊರಬೀಳುತ್ತದೆ. ಅದನ್ನು ಕಂಡ ರಿಗ್-ಐ, ವೈರಸ್ಸಿನದನ್ನು ಕಂಡ ಹಾಗೆಯೇ, ಗಂಟೆ ಬಾರಿಸುತ್ತದೆ. 2018ರಲ್ಲಿ ಇದು ಪ್ರಕಟವಾಯಿತು. ವೈರಸ್ಸು ತನ್ನ ಗುರುತನ್ನು ಎಷ್ಟು ಚೆನ್ನಾಗಿ ಮುಚ್ಚಿಕೊಂಡಿದ್ದರೂ, ಕೋಶದ ಕೆಲಸ ನಿಲ್ಲಿಸಿದ ಆ ಒಂದು ಕ್ರಿಯೆಯಿಂದಲೇ ಸಿಕ್ಕಿಬೀಳುತ್ತದೆ.

ಆಕೆ ಕೂರಲಿಲ್ಲ. ಹಾಗಾದರೆ ಇಂಥ ರಕ್ಷಣೆ ಹೊಸದಾಗಿ ಹುಟ್ಟುವುದನ್ನು ಯಾರಾದರೂ ನೋಡಿದ್ದಾರೆಯೇ ಎಂದಳು. ನೋಡುತ್ತಿದ್ದಾರೆ, ಆಸ್ಟ್ರೇಲಿಯಾದ ಕೋಆಲಾಗಳಲ್ಲಿ. ಅಲ್ಲಿ ಒಂದು ರೆಟ್ರೊವೈರಸ್ಸು ಈಗ, ನಮ್ಮ ಕಾಲದಲ್ಲಿ, ಪ್ರಾಣಿಯ ವೀರ್ಯ ಮತ್ತು ಅಂಡಾಣುಗಳ ಡಿಎನ್‌ಎಯೊಳಗೆ ಸೇರಿಕೊಂಡು ತಾಯಿಯಿಂದ, ತಂದೆಯಿಂದ ಮರಿಗೆ ದಾಟುತ್ತಿದೆ. ಉತ್ತರ ಭಾಗದ ಕೋಆಲಾಗಳಲ್ಲಿ ಬಲವಾಗಿದೆ, ದಕ್ಷಿಣಕ್ಕೆ ಹೋದಂತೆ ಕಡಿಮೆ. ನಮ್ಮ ಡಿಎನ್‌ಎಯಲ್ಲೂ ನೂರಕ್ಕೆ ಎಂಟರಷ್ಟು ಇಂಥ ಹಳೆಯ ವೈರಸ್ಸುಗಳ ಪಳೆಯುಳಿಕೆ ಇದೆ, ಆದರೆ ನಮ್ಮಲ್ಲಿ ಆ ಯುದ್ಧ ಮುಗಿದು ಲಕ್ಷಾಂತರ ವರ್ಷಗಳಾಗಿವೆ. 2019ರಲ್ಲಿ ಕಾಡು ಕೋಆಲಾಗಳ ವೃಷಣದ ಅಂಗಾಂಶವನ್ನು ತೆಗೆದು ನೋಡಿದವರಿಗೆ, ಆ ವೈರಸ್ಸಿನ ಆರ್‌ಎನ್‌ಎಯಿಂದಲೇ ಕೊಯ್ದ ಪುಟ್ಟ ತುಂಡುಗಳು ಸಿಕ್ಕವು. ವೈರಸ್ಸಿನ ಸಂದೇಶ ಸಾಮಾನ್ಯ ಜೀನಿನ ಸಂದೇಶದ ಹಾಗೆ ನಡುವೆ ಕತ್ತರಿಸಿ ಜೋಡಣೆಯಾಗದೆ ಇಡಿಯಾಗಿ ಉಳಿದಿದ್ದರೆ, ಕೋಶ ಅದನ್ನು ಗುರುತಿಸಿ ತುಂಡು ಮಾಡುತ್ತಿತ್ತು. ಎದುರೆಳೆಯ ತುಂಡುಗಳು, ಅಂದರೆ ವೈರಸ್ಸನ್ನು ಹುಡುಕಿ ಕಡಿಯಬಲ್ಲ ಪಕ್ವವಾದ ಆಯುಧ, ಇನ್ನೂ ಬಹಳ ಕಡಿಮೆ ಇದ್ದವು. ಕತ್ತರಿ ಆಡಲು ಶುರುವಾಗಿದೆ, ಹದ ಇನ್ನೂ ಬಂದಿಲ್ಲ.